ತೆಪ್ಪದ ಯಜಮಾನರು

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಆಡುತ್ತೇನೆ. ಆತ ಗೆರೆಯನ್ನು ಬಹಳ ಚೆನ್ನಾಗಿ ಎಳೆಯುತ್ತಿದ್ದ. ಜಾಲಹಳ್ಳಿ ಕಡೆಯ ನಮ್ಮ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ನಕ್ಷೆ ನಕಲು ಮಾಡುವ ಟ್ರೇಸಿಂಗ್ ಬಟ್ಟೆಯ ಮೇಲೆ ಆತನ ಹಾಗೆ ಇಂಕಿನ ಗೆರೆ ಎಳೆಯುವವರು ಇನ್ನೊಬ್ಬರಿರಲಿಲ್ಲ. ಶುರುವಿನಿಂದ ಕೊನೆಯವರೆಗೆ ಒಂದೇ ದಪ್ಪ, ಕೈ ನಡುಗಿದ ಗುರುತು ಎಲ್ಲೂ ಇಲ್ಲ. ಡ್ರಾಯಿಂಗಿನ ಕೆಳಗೆ ಅಕ್ಷರ ಬರೆಯುವುದನ್ನು ನನಗೆ ಕಲಿಸಿದವನು ಆತನೇ. ನನ್ನ ಕೈಬರಹ ಇವತ್ತಿಗೂ ಆತನದೇ. ಬ್ಯಾಂಕಿನ ಚೆಕ್ಕಿಗೆ ಸಹಿ ಹಾಕುವಾಗಲೂ ಆತ ಪಕ್ಕದಲ್ಲಿ ನಿಂತು ನೋಡುತ್ತಿದ್ದಾನೆ ಅನಿಸುತ್ತದೆ.

ಹೆಸರು ಹೇಳುವುದಿಲ್ಲ. ಊರಿಗೆಲ್ಲ ಹೆಸರಿಟ್ಟವನು ಆತ. ಕುಂಟುವ ಪ್ಯೂನನಿಗೆ ‘ಮುಕ್ಕಾಲು’, ಒಂದು ಕಿವಿ ಕೇಳಿಸದ ಗುಮಾಸ್ತನಿಗೆ ‘ಒನ್ ವೇ’, ಹುಟ್ಟಿದ ತಿಂಗಳೊಳಗೆ ಮಗುವನ್ನು ಕಳೆದುಕೊಂಡು ಆಫೀಸಿನಲ್ಲಿ ಸುಮ್ಮನೆ ಕೂತಿರುತ್ತಿದ್ದ ಒಬ್ಬನಿಗೆ ‘ಬಾಗಿಲು ಹಾಕಿದ ಅಂಗಡಿ’. ಹೆಸರಿಟ್ಟು ನಗುತ್ತಿದ್ದ. ಆತನ ನಗುವಿಗೆ ಶಬ್ದವಿರಲಿಲ್ಲ. ಬಾಯಿ ಮುಚ್ಚಿಯೇ ಇರುತ್ತಿತ್ತು, ಎರಡು ಭುಜ ಮಾತ್ರ ಕುಲುಕುತ್ತಿದ್ದವು. ಹಿಂದಿನ ಬೋರ್ಡಿನಲ್ಲಿ ಕೂತಿದ್ದ ನಾವು ಆತನ ಮುಖ ನೋಡಬೇಕಾಗಿರಲಿಲ್ಲ. ಭುಜ ಕುಲುಕಿದರೆ ಯಾರಿಗೋ ಗ್ರಹಚಾರ ಕೆಟ್ಟಿದೆ ಎಂದು ತಿಳಿಯುತ್ತಿತ್ತು.

ಆತನದು ಕೋಲಾರದ ಕಡೆಯ ಒಣ ಊರು. ಬಾವಿಯ ನೀರು ಬಿಟ್ಟು ಬೇರೆ ನೀರನ್ನು ಕಂಡದ್ದು ಹೈಸ್ಕೂಲಿಗೆ ಬಂದ ಮೇಲೆ. ಅದಕ್ಕೇ ಇರಬೇಕು, ದೋಣಿಯ ಹುಚ್ಚು ಹಿಡಿದಿತ್ತು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ತಕ್ಷಣ ಹಾಳಾದ ಬ್ಲೂಪ್ರಿಂಟಿನ ಬೆನ್ನಿನ ಮೇಲೆ ಪೆನ್ಸಿಲ್ ಓಡಿಸಲು ಶುರುಮಾಡುತ್ತಿದ್ದ. ನಾವು ಸುತ್ತ ನಿಲ್ಲುತ್ತಿದ್ದೆವು. ಸುಳ್ಳು ಹೇಳಬಾರದು, ಆ ಅರ್ಧ ಗಂಟೆಗಾಗಿಯೇ ಕೆಲವರು ರಜೆ ಹಾಕದೆ ಬರುತ್ತಿದ್ದರು.

“ಪ್ರಪಂಚದಲ್ಲಿ ನಿಜವಾದ ದೋಣಿ ಅಂದ್ರೆ ಹರಿಗೋಲು ಕಣ್ರಯ್ಯ,” ಎನ್ನುತ್ತಿದ್ದ. “ಮುಂದು ಯಾವ್ದು, ಹಿಂದು ಯಾವ್ದು ಅಂತ ತೀರ್ಮಾನ ಆಗ್ಲಿಲ್ಲ. ದುಂಡಗೆ ಮಾಡಿ ಬಿಟ್ಬಿಟ್ರು. ನಮ್ಮ ಮ್ಯಾನೇಜ್‌ಮೆಂಟ್ ಥರ.”

ಕೊಡೆಯ ಕಡ್ಡಿಗಳಿಂದ ಮಾಡಿದ ಮಡಚುವ ದೋಣಿ ಬರೆದ. ಗುಂಡಿ ಒತ್ತಿದರೆ ಅರಳಬೇಕು, ಕಂಕುಳಲ್ಲಿ ಇಟ್ಟುಕೊಂಡು ಬಸ್ ಹತ್ತಬಹುದು. “ಕೆರೆ ಮಧ್ಯದಲ್ಲಿ ಅದೇ ಮಡಚ್ಕೊಂಡ್ರೆ ಸಾರ್?” ಎಂದು ನಾನು ಕೇಳಿದೆ. “ಒಳ್ಳೇದೇ ಆಯ್ತಲ್ಲಯ್ಯ, ಹೆಣ ಸುತ್ತಿ ಕಟ್ಟೋ ಕೆಲಸ ಉಳೀತು,” ಎಂದ. ಇನ್ನೊಂದು ದೋಣಿಗೆ ತಳದಲ್ಲೇ ತೂತು. ಸ್ಟೋರ್ಸಿನಲ್ಲಿ ಒಬ್ಬ ಬಹಳ ದಪ್ಪಗಿದ್ದ ಗುಮಾಸ್ತನಿದ್ದ. ಆ ದಪ್ಪ ಮನುಷ್ಯ ತೂತಿನ ಮೇಲೆ ಕೂತರೆ ಮಾತ್ರ ಅದು ತೇಲುವುದು. ಅಳತೆಯನ್ನು ಕೂಡ ಸರಿಯಾಗಿ ನಮೂದಿಸಿ, ಆ ಗುಮಾಸ್ತನ ಮೇಜಿನ ಗಾಜಿನ ಕೆಳಗೇ ಇಟ್ಟು ಬಂದ. ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಆ ಮನುಷ್ಯ ಅಂದಿನಿಂದ ಕ್ಯಾಂಟೀನಿಗೆ ಬರುವುದನ್ನೇ ಬಿಟ್ಟ.

ಕಾಗದದ ದೋಣಿಗಳು ಆತನಿಗೆ ಸಾಲಲಿಲ್ಲ. ಶೆಟ್ಟಿಹಳ್ಳಿ ಕೆರೆಯ ಪಕ್ಕ ಮುನಿಯಪ್ಪ ಎಂಬ ರೈತನ ಹಿತ್ತಿಲಿತ್ತು. ಅಲ್ಲಿ ಭಾನುವಾರಗಳಂದು ಬಿದಿರು, ಹಲಗೆ, ಯುದ್ಧದ ಕಾಲದಲ್ಲಿ ಮಿಲಿಟರಿಯವರು ಬಿಟ್ಟುಹೋದ ಡಾಂಬರು ಪೀಪಾಯಿ ಸೇರಿಸಿ ನಿಜವಾದವನ್ನೇ ಕಟ್ಟತೊಡಗಿದ. ಮುನಿಯಪ್ಪ ಬೀಡಿ ಸೇದುತ್ತ ನೋಡುತ್ತಿದ್ದ. “ಇದೇನ್ ಸ್ವಾಮಿ ಇಂಗೈತೆ? ದೋಣೀನಾ, ಎಣ ಒರೋ ಚಟ್ಟಾನಾ?” ಎಂದು ಒಮ್ಮೆ ಕೇಳಿದ. ಆತನಿಗೆ ಖುಷಿಯೋ ಖುಷಿ. ವಾರವಿಡೀ ಆಫೀಸಿನಲ್ಲಿ ಅದನ್ನೇ ಹೇಳಿಕೊಂಡು ತಿರುಗಿದ.

ಆತನ ವಿಶೇಷವೆಂದರೆ ನಾವೆಲ್ಲ ಬಾಯಲ್ಲಿ ಆಡಿ ಬಿಡುವ ಮಾತನ್ನು ಆತ ಬಡಗಿಯ ಕೆಲಸಕ್ಕೆ ಇಳಿಸುತ್ತಿದ್ದ. ನಮ್ಮಲ್ಲಿ ರಂಗಸ್ವಾಮಿ ಎಂಬೊಬ್ಬರಿದ್ದರು, ಸಾಧು. ಪ್ರಮೋಷನ್ನಿನ ಆಸೆಗೆ ಇಬ್ಬರು ಅಧಿಕಾರಿಗಳ ಮನೆಗೂ ಹಬ್ಬಕ್ಕೆ ಹಣ್ಣು ಕೊಟ್ಟು ಬರುತ್ತಿದ್ದರು. ಎರಡು ದೋಣಿಯ ಮೇಲೆ ಕಾಲಿಟ್ಟವರು ಎಂದು ನಾವು ಆಡಿಕೊಂಡೆವು, ಮರೆತೆವು. ಆತ ಮರೆಯಲಿಲ್ಲ. ಪಾದುಕೆಯ ಹಾಗೆ ಕಾಲಿಗೆ ಸಿಕ್ಕಿಸಿಕೊಳ್ಳುವ ಎರಡು ಉದ್ದನೆಯ ಮರದ ದೋಣಿ ಮಾಡಿದ. ನೀರಿನ ಮೇಲೆ ನಡೆದುಹೋಗಬಹುದು ಎಂದು ರಂಗಸ್ವಾಮಿಯವರನ್ನು ಉಬ್ಬಿಸಿ ಕರೆದೊಯ್ದ. ಎರಡಕ್ಕೂ ನಡುವೆ ಒಂದು ಹಗ್ಗ, ಅದಕ್ಕೆ ಎಳೆದರೆ ಬಿಚ್ಚುವ ಗಂಟು, ಗಂಟಿನ ಎಳೆ ಆತನ ಕೈಯಲ್ಲಿ. ಸೊಂಟದುದ್ದ ನೀರಿಗೆ ಬಂದಾಗ ದಡದಿಂದ ಎಳೆದ. ಒಂದು ದೋಣಿ ಮೂಡಲಕ್ಕೆ ಹೋಯಿತು, ಇನ್ನೊಂದು ಪಡುವಲಕ್ಕೆ. ರಂಗಸ್ವಾಮಿಯವರ ತೊಡೆಯ ನರ ಎಳೆದುಕೊಂಡು ಕೆಲವು ವಾರ ಅವರು ಬಗ್ಗಿ ಬಗ್ಗಿ ನಡೆದರು. ಪ್ರಮೋಷನ್ ಆತನಿಗೆ ಬಂತು.

ಇಂಥವನೇ, ನನಗೆ ಟೈಫಾಯ್ಡ್ ಬಂದಾಗ ಯಶವಂತಪುರದ ನನ್ನ ಒಂಟಿ ಕೋಣೆಗೆ ದಿನವೂ ಗಂಜಿ ತಂದುಕೊಟ್ಟ. ಹಣೆ ಮುಟ್ಟಿ ನೋಡುತ್ತಿದ್ದ, ಬಟ್ಟೆ ಬದಲಾಯಿಸುತ್ತಿದ್ದ. ಜ್ವರ ಇಳಿದ ದಿನ, “ಸಾಯ್ಲಿಲ್ವಲ್ಲಯ್ಯ ನೀನು. ಇಷ್ಟು ದಿನದ ಗಂಜಿ ದಂಡ,” ಎಂದು ಡಬ್ಬಿ ಎತ್ತಿಕೊಂಡು ಹೋದ. ಭುಜ ಕುಲುಕುತ್ತಿತ್ತು. ಗಂಜಿ ಕಾಯಿಸಿ ಕೊಟ್ಟವರು ಆತನ ಹೆಂಡತಿ ಕಮಲಮ್ಮ.

ಕಮಲಮ್ಮನವರ ತವರು ಕಾವೇರಿ ದಂಡೆಯ ತಿರುಮಕೂಡಲು. ಚೆನ್ನಾಗಿ ಮಾತಾಡುವ ಹೆಂಗಸು. ಅಂದರೆ, ಗಂಡ ಬಚ್ಚಲಿಗೆ ಹೋದಾಗ ಚೆನ್ನಾಗಿ ಮಾತಾಡುತ್ತಿದ್ದರು. ಆತ ಎದುರಿಗಿದ್ದರೆ ಆಕೆಯ ಯಾವ ವಾಕ್ಯವೂ ಪೂರ್ತಿಯಾದದ್ದನ್ನು ನಾನು ಕೇಳಿಲ್ಲ. “ರೀ, ಸೀಮೆಎಣ್ಣೆ—” ಎಂದರೆ “ತೆಪ್ಪಗಿರು.” “ರೀ, ಪಕ್ಕದ ಮನೆಯವ್ರು—” ಎಂದರೆ “ತೆಪ್ಪಗಿರು.” ಕೂಗುತ್ತಿರಲಿಲ್ಲ. ಬೋರ್ಡಿನ ಮೇಲೆ ಗೆರೆ ಎಳೆದಷ್ಟೇ ನಿರಾಯಾಸವಾಗಿ ಹೇಳುತ್ತಿದ್ದ. ಬಂದವರ ಮುಂದೆ ಅದನ್ನೂ ತಮಾಷೆ ಮಾಡುತ್ತಿದ್ದ: “ನನ್ನ ಅತ್ಯುತ್ತಮ ನೌಕೆ ಇವಳೇ ಕಣಯ್ಯ. ಹೆಸರು ತೆಪ್ಪಗಿರು. ಹುಟ್ಟು ಬೇಡ, ಹಾಯಿ ಬೇಡ, ಒಂದ್ ಮಾತಲ್ಲಿ ನಿಲ್ಲತ್ತೆ.”

ಆ ಮನೆಗೆ ಕಮಲಮ್ಮನವರ ತಮ್ಮ ಶೇಷು ಬಂದು ಸೇರಿದ. ಇಪ್ಪತ್ತು ದಾಟಿದ ಸಣಕಲು ಹುಡುಗ. ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದ್ದ, ತಂದೆ ಇರಲಿಲ್ಲ, ಊರಲ್ಲಿ ತಾಯಿ ಒಬ್ಬರೇ. ನಮ್ಮ ಆಫೀಸಿನಲ್ಲಿ ಟ್ರೇಸರ್ ಕೆಲಸ ಸಿಗಬೇಕು, ಅದಕ್ಕೆ ಭಾವನ ಒಂದು ಮಾತು ಬೇಕು. ಆ ಒಂದು ಮಾತನ್ನು ಆತ ವರ್ಷಗಟ್ಟಲೆ ಆಡಲಿಲ್ಲ. ಶೇಷು ನೀರು ಸೇದಿದ, ರುಬ್ಬಿದ, ಭಾವನ ಸೈಕಲ್ ಒರೆಸಿದ, ಭಾನುವಾರ ಹೊಸ ದೋಣಿಯ ಮೇಲೆ ಮೊದಲು ಹತ್ತಿದ. “ಇದು ತೇಲಿದ್ರೆ ನಿನ್ನ ಕೆಲಸಾನೂ ತೇಲತ್ತೆ,” ಎನ್ನುತ್ತಿದ್ದ ಆತ. ತೇಲಿದಾಗ, “ಮುಂದಿನ್ದು ನೋಡೋಣ,” ಎನ್ನುತ್ತಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುವುದನ್ನು ಕಣ್ಣಾರೆ ಕಂಡದ್ದು ಆ ಮನೆಯಲ್ಲಿ. ವಿಚಿತ್ರವೆಂದರೆ ಶೇಷುವಿಗೆ ಭಾವನ ಮೇಲೆ ಭಕ್ತಿ. ಆತ ಎಳೆದ ಗೆರೆಯನ್ನು ಬೆರಳಿನಲ್ಲಿ ಗಾಳಿಯ ಮೇಲೆ ತಾನೂ ಎಳೆದು ನೋಡುತ್ತಿದ್ದ.

ಶೇಷುವಿಗೆ ಈಜು ಬರುತ್ತಿರಲಿಲ್ಲ. ಚಿಕ್ಕಂದಿನಿಂದ ಉಬ್ಬಸ, ತಾಯಿ ಹೊಳೆಗೆ ಇಳಿಯಲು ಬಿಟ್ಟಿರಲಿಲ್ಲ. ಇದು ಅವನ ಅಕ್ಕನನ್ನು ಬಿಟ್ಟರೆ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಂದ ದಿನವೇ ಭಾವ, “ಕಾವೇರಿ ದಂಡೆಯೋನು, ಈಜು ಬರತ್ತೇನೋ?” ಎಂದು ಕೇಳಿದಾಗ “ಬರತ್ತೆ ಭಾವ” ಎಂದುಬಿಟ್ಟಿದ್ದ. ಇಲ್ಲ ಎಂದಿದ್ದರೆ ಅದಕ್ಕೊಂದು ಹೆಸರು ಬೀಳುತ್ತಿತ್ತು, ಅದು ಆಫೀಸಿನವರೆಗೂ ಬರುತ್ತಿತ್ತು. ಮುನಿಯಪ್ಪನ ಹಿತ್ತಿಲ ಕಡೆ ಕೆರೆ ಮೊಣಕಾಲು, ಸೊಂಟದ ಆಳ ಅಷ್ಟೇ. ಅಲ್ಲಿ ಅವನ ಗುಟ್ಟು ಬಯಲಾಗುವ ಪ್ರಸಂಗ ಬರಲಿಲ್ಲ.

ಕಾರ್ತಿಕ ಮಾಸದ ಒಂದು ಭಾನುವಾರ ಡ್ರಾಯಿಂಗ್ ಆಫೀಸಿನವರೆಲ್ಲ ಸಂಸಾರ ಸಮೇತ ಕೆರೆಗೆ ಹೋಗುವುದೆಂದಾಯಿತು. ಪುಳಿಯೋಗರೆ, ಮೊಸರನ್ನ, ಬೇಯಿಸಿದ ಕಡಲೆಕಾಯಿ. ನಮ್ಮ ಸೂಪರಿಂಟೆಂಡೆಂಟ್ ಸಾಹೇಬರೂ ಹೆಂಡತಿಯ ಜೊತೆ ಬರುತ್ತೇನೆಂದರು. ಅವರಿಗಾಗಿ ಆತ ಒಂದು ತೆಪ್ಪೋತ್ಸವವನ್ನೇ ಯೋಚಿಸಿದ್ದ. ಪೀಪಾಯಿಗಳ ಮೇಲೆ ಬಿದಿರಿನ ತೆಪ್ಪ. ಅದರ ನಡುವೆ ಎತ್ತಿನ ಗಾಡಿಯ ಒಂದು ಚಕ್ರ, ಅಡ್ಡ ಮಲಗಿಸಿದ್ದು. ಚಕ್ರದ ಮೇಲೆ ಎತ್ತರದ ಸ್ಟೂಲು, ಅದಕ್ಕೊಂದು ಕೊಡೆ. ಚಕ್ರಕ್ಕೆ ಹಗ್ಗ ಸುತ್ತಿತ್ತು. ದಡದಲ್ಲಿ ನಿಂತು ಹಗ್ಗ ಎಳೆದರೆ ಸ್ಟೂಲಿನ ಮೇಲೆ ಕೂತ ಉತ್ಸವಮೂರ್ತಿ ಗರಗರ ತಿರುಗಿ ನಾಲ್ಕೂ ದಿಕ್ಕಿಗೆ ದರ್ಶನ ಕೊಡಬೇಕು. ಮೂರ್ತಿ ಶೇಷು.

“ಸಾಹೇಬ್ರ ಕಣ್ಣಿಗೆ ಬೀಳ್ಬೇಕೋ ಬೇಡ್ವೋ?” ಎಂದು ಆತ ಕೇಳಿದ.

“ಬೀಳ್ಬೇಕು ಭಾವ.”

“ಹಂಗಾದ್ರೆ ಎತ್ತರದಲ್ಲಿ ಕೂತ್ಕೊ. ಇಳಿದ್ಮೇಲೆ ನಾನೇ ನಿನ್ನ ಕೈ ಹಿಡಿದು ಅವ್ರ ಮುಂದೆ ನಿಲ್ಲಿಸ್ತೀನಿ. ಇವತ್ತು ಹೇಳ್ಬಿಡ್ತೀನಿ, ಆಯ್ತಾ?”

ಶೇಷುವಿನ ಮುಖ ಅರಳಿತು. ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಬಂದಿದ್ದ, ಜೇಬಿನಲ್ಲಿ ತಾನು ಮಾಡಿದ ಒಂದು ಟ್ರೇಸಿಂಗ್ ಮಡಚಿ ಇಟ್ಟುಕೊಂಡಿದ್ದ. ಕೊರಳಿಗೆ ಚೆಂಡು ಹೂವಿನ ಹಾರ ಹಾಕಿದರು. ಸಾಹೇಬರ ಕಾರು ಕೆರೆಯ ಏರಿಯ ಮೇಲೆ ಬಂದು ನಿಂತದ್ದರಿಂದ ತೆಪ್ಪವನ್ನು ಹಿತ್ತಿಲ ಕಡೆಯಿಂದ ಏರಿಯ ಹತ್ತಿರಕ್ಕೆ ನೂಕಿ ತಂದರು. ಏರಿಯ ಕೆಳಗೆ, ತೂಬಿನ ಪಕ್ಕ, ಕೆರೆ ಆಳ. ಮುನಿಯಪ್ಪ ಒಂದು ಮಾತು ಅಂದ: “ಇಲ್ಲಿ ಬ್ಯಾಡ ಸ್ವಾಮಿ, ಊಳು ಬಾಳ ಐತೆ.” ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಮಲಮ್ಮ ಮೊಸರನ್ನದ ಪಾತ್ರೆಯನ್ನು ಅಲ್ಲೇ ಬಿಟ್ಟು ಓಡೋಡಿ ಬಂದರು.

“ರೀ, ಅವನಿಗೆ—”

“ತೆಪ್ಪಗಿರು.”

“ಅಲ್ಲಾ ರೀ, ಶೇಷುಗೆ—”

“ತೆಪ್ಪ ಹೊರಡೋ ಹೊತ್ತಲ್ಲಿ ತೆಪ್ಪಗಿರ್ಬೇಕು ಕಣೇ. ಶಾಸ್ತ್ರ ಅದು.”

ಎಲ್ಲರೂ ನಕ್ಕರು. ಸಾಹೇಬರು ತೊಡೆ ತಟ್ಟಿಕೊಂಡು ನಕ್ಕರು, ಅವರ ಹೆಂಡತಿಗೆ ಅರ್ಥ ಬಿಡಿಸಿ ಹೇಳಿದರು. ಕಮಲಮ್ಮ ಆಡಬೇಕಾಗಿದ್ದದ್ದು ಇನ್ನೆರಡೇ ಮಾತು. ಶೇಷು ಸ್ಟೂಲಿನ ಮೇಲಿಂದ ಅಕ್ಕನ ಕಡೆ ನೋಡಿ, ಬೇಡ ಎನ್ನುವ ಹಾಗೆ ತಲೆ ಅಲ್ಲಾಡಿಸಿದ. ಕೆಲಸ ಕೈಗೆ ಬಂದಿದೆ, ಕೆಡಿಸಬೇಡ ಎಂದಿರಬೇಕು. ಕಮಲಮ್ಮ ಸೆರಗನ್ನು ಬಾಯಿಗೆ ಇಟ್ಟುಕೊಂಡರು.

ಆತ ಹಗ್ಗ ಎಳೆದ. ಚಕ್ರ ತಿರುಗಿತು, ಶೇಷು ತಿರುಗಿದ, ನಮಗೂ ಸಾಹೇಬರಿಗೂ ಕೈಮುಗಿದ. ಇನ್ನಷ್ಟು ಜೋರಾಗಿ ಎಳೆದ. ಹೆಂಗಸರು ಮಕ್ಕಳು ಕೇಕೆ ಹಾಕಿದರು. ಆತನ ಭುಜ ಕುಲುಕುತ್ತಿತ್ತು. ಮೂರನೆಯ ಸಲ ಎಳೆದಾಗ ಸ್ಟೂಲಿನ ಭಾರವೆಲ್ಲ ಒಂದು ಕಡೆಗೆ ಬಂದು ಒಂದು ಪೀಪಾಯಿಯ ಕಟ್ಟು ಜಾರಿತು. ತೆಪ್ಪ ಮೆಲ್ಲಗೆ, ಹಾಸಿಗೆಯ ಮೇಲೆ ಮಗ್ಗುಲು ಬದಲಾಯಿಸಿದ ಹಾಗೆ ಮಗುಚಿಕೊಂಡಿತು. ಕೊಡೆ ತೇಲಿತು, ಚೆಂಡು ಹೂ ತೇಲಿತು. ಅದೂ ಆಟದ ಭಾಗವೆಂದು ಜನ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. “ಏಳೋ ಮೂರ್ತಿ, ಅಭಿಷೇಕ ಆಯ್ತು!” ಎಂದು ಆತ ಕೂಗಿದ.

“ಅವನಿಗೆ ಈಜು ಬರಲ್ಲಾ!” ಎಂದು ಕಮಲಮ್ಮ ಕಿರುಚಿದರು. ಗಂಡನ ಎದುರಿಗೆ ಆಕೆ ಪೂರ್ತಿ ಮಾಡಿದ ಮೊದಲ ವಾಕ್ಯ ಅದು.

ಮುನಿಯಪ್ಪ ಹಾರಿದ. ನಮ್ಮಲ್ಲಿ ಯಾರಿಗೂ ಈಜು ಬರುತ್ತಿರಲಿಲ್ಲ. ಅಷ್ಟೊಂದು ದೋಣಿ ಕಟ್ಟಿದ ಆತನಿಗೂ ಬರುತ್ತಿರಲಿಲ್ಲ. ಹೂಳಿನಲ್ಲಿ ಸಿಕ್ಕಿದವನನ್ನು ಬಿಡಿಸಿ ಎಳೆದು ತರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೊರಳಲ್ಲಿ ಹಾರದ ದಾರ ಉಳಿದಿತ್ತು. ಜೇಬಿನ ಟ್ರೇಸಿಂಗ್ ನೀರಿಗೆ ಕರಗಿ ಷರ್ಟೆಲ್ಲ ಇಂಕು.

ಹನ್ನೊಂದನೆಯ ದಿನ ಅವರ ಮನೆಯ ಜಗಲಿಯ ಮೇಲೆ ಆತ ನನ್ನೊಡನೆ ಆಡಿದ ಮಾತನ್ನು ನಾನು ಕ್ಷಮಿಸಿಲ್ಲ. “ಈಜು ಬರತ್ತೆ ಅಂದಿದ್ದ ಕಣಯ್ಯ. ಸುಳ್ಳು ಹೇಳಿ ನನ್ನ ಕೆಟ್ಟವನನ್ನ ಮಾಡ್ಬಿಟ್ಟ. ಇವಳಿಗಾದ್ರೂ ಬಾಯಿರ್ಲಿಲ್ವಾ? ಮೊದಲೇ ಹೇಳೋಕೆ ಏನಾಗಿತ್ತು?” ಒಳಗೆ ನಡುಮನೆಯಲ್ಲಿ ಎಲೆ ಒರೆಸುತ್ತಿದ್ದ ಕಮಲಮ್ಮನವರ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಒರೆಸಿದರು.

ಆವತ್ತಿನಿಂದ ಆಕೆ ಗಂಡನೊಡನೆ ಮಾತಾಡಲಿಲ್ಲ.

ಜಗಳವಿಲ್ಲ, ಅಳುವಿಲ್ಲ. ತವರಿಗೆ ಹೋಗಲಿಲ್ಲ. ಹೊತ್ತಿಗೆ ಸರಿಯಾಗಿ ಕಾಫಿ, ಊಟ, ಮಡಿ ಪಂಚೆ, ತಲೆಗೆ ಎಣ್ಣೆ. ನಾನು ಹೋದರೆ ನನ್ನೊಡನೆ ಬಾಯ್ತುಂಬ ಮಾತಾಡುತ್ತಿದ್ದರು, ತರಕಾರಿಯವಳೊಡನೆ ಚೌಕಾಸಿ ಮಾಡುತ್ತಿದ್ದರು. ಆತ ಏನಾದರೂ ಕೇಳಿದರೆ ಕೇಳಿದ್ದನ್ನು ತಂದು ಮುಂದಿಡುತ್ತಿದ್ದರು, ಅಷ್ಟೇ. ಆತ ಮೊದಮೊದಲು ತಮಾಷೆ ಮಾಡಿದ. “ನಮ್ಮನೇಲಿ ಮೂಕಿ ಚಿತ್ರ ನಡೀತಿದೆ, ಟಿಕೆಟ್ ಇಲ್ಲ, ಬನ್ನಿ,” ಎಂದು ಆಫೀಸಿನಲ್ಲಿ ಹೇಳಿದ. ಯಾರೂ ನಗಲಿಲ್ಲ. ಕೆರೆಯ ಘಟನೆಯಾದ ಮೇಲೆ ಮಧ್ಯಾಹ್ನ ಆತನ ಬೋರ್ಡಿನ ಸುತ್ತ ಯಾರೂ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ತಟ್ಟೆ ಎಸೆದು ನೋಡಿದ; ಆಕೆ ಬಳಿದು ತೆಗೆದು ಬೇರೆ ತಟ್ಟೆಗೆ ಬಡಿಸಿದರು. ಸೀರೆ ತಂದ, ಉಟ್ಟುಕೊಂಡರು. ಸಾರಿಗೆ ಉಪ್ಪಿಲ್ಲ ಎಂದ, ಉಪ್ಪು ತಂದಿಟ್ಟರು. ಏನು ಮಾಡಿದರೂ ನೀರಲ್ಲಿ ಹೋಮ ಮಾಡಿದಂತೆ. ಮಾತಿಗೆ ಮಾತು ಸಿಕ್ಕದೆ ಆತನ ನಾಲಿಗೆ ಮೊಂಡಾಯಿತು. ಹೊಸಬರಿಗೆ ಹೆಸರಿಡುವುದನ್ನೂ ಬಿಟ್ಟ. ನನಗೆ ಪಾಪ ಅನಿಸಿತೇ? ಅನಿಸಿತು, ಆದರೆ ಶೇಷುವಿನ ಷರ್ಟಿನ ಇಂಕು ನೆನಪಾದರೆ ಆ ಮರುಕ ಉಳಿಯುತ್ತಿರಲಿಲ್ಲ.

ಹೀಗೆ ವರ್ಷಗಳು ಹೋದವು. ರಿಟೈರಾಗುವ ಮುಂಚೆಯೇ ಆತ ಹಾಸಿಗೆ ಹಿಡಿದ. ಶ್ವಾಸಕೋಶಕ್ಕೆ ನೀರು ತುಂಬುತ್ತಿದೆ ಎಂದರು ಡಾಕ್ಟರು. ನೋಡಲು ಹೋದಾಗ ದಿಂಬಿಗೆ ಒರಗಿ ಕೂತು ಏದುಸಿರು ಬಿಡುತ್ತಿದ್ದ.

“ತೂತು ಬಿದ್ದ ದೋಣಿ ಕಣಯ್ಯ. ಎಷ್ಟು ಮೊಗೆದ್ರೂ ಒಳಗೆ ಬರ್ತಾನೇ ಇದೆ,” ಎಂದ. ಆಮೇಲೆ ನನ್ನ ಕೈ ಹಿಡಿದ. “ಒಂದು ಉಪಕಾರ ಮಾಡು. ಅವಳಿಗೆ ಹೇಳು, ಏನಾದ್ರೂ ಮಾತಾಡು ಅಂತ. ಬೈಲಿ. ಹಾಳಾಗಿ ಹೋಗು ಅನ್ಲಿ. ಅವಳ ಬಾಯಿಂದ ಒಂದ್ ಮಾತು ಕೇಳಿಸ್ಕೊಂಡು ಸಾಯ್ತೀನಿ.” ಆತ ಬೇಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಡುಗೆಮನೆಗೆ ಹೋಗಿ ಹೇಳಿದೆ. ಕಮಲಮ್ಮ ಒಲೆಯ ಮುಂದೆ ಗಂಜಿ ತಿರುವುತ್ತಿದ್ದರು. ನನಗೆ ಟೈಫಾಯ್ಡಿನಲ್ಲಿ ಬರುತ್ತಿದ್ದ ಗಂಜಿಯ ವಾಸನೆಯೇ ಅದು.

“ನಾನೇನು ತಪ್ಪು ಮಾಡಿದ್ದೀನಿ ಹೇಳಿ,” ಎಂದರು. “ಮದ್ವೆ ಆದಾಗಿಂದ ಅವ್ರು ನನ್ನ ಹತ್ರ ಕೇಳಿದ್ದು ಒಂದೇ. ಒಂದ್ಸಲ, ಒಂದೇ ಒಂದ್ಸಲ ಮಾತು ಮೀರಿ ಹೇಳ್ಬಿಡ್ಬೇಕಿತ್ತು. ಆವತ್ತೇ ಮೀರ್ಲಿಲ್ಲ. ಇನ್ನು ಈಗ ಮೀರ್ಲಾ?”

ಹೊರಗೆ ಬಂದು ಆತನಿಗೆ, “ಬರ್ತಾರೆ, ಒಲೆ ಮೇಲೆ ಏನೋ ಇಟ್ಟಿದ್ದಾರೆ,” ಎಂದೆ.

ಮರುದಿನ ಬೆಳಿಗ್ಗೆ ಆತನಿಗೆ ಊರ್ಧ್ವಶ್ವಾಸ ಹತ್ತಿತು. ಅಕ್ಕಪಕ್ಕದವರು ಸೇರಿದರು. ಆಗ ನಮ್ಮಲ್ಲಿ ಮಾಡುವುದು ಒಂದು ಪದ್ಧತಿ: ಬಾಯಿಗೆ ತುಳಸಿ ನೀರು ಬಿಡಬೇಕು, ಬಲಗಿವಿಯಲ್ಲಿ ನಾರಾಯಣನ ಹೆಸರು ಹೇಳಬೇಕು. ಮಕ್ಕಳಿರಲಿಲ್ಲ. “ಕಮಲಮ್ಮ, ನೀವೇ ಹೇಳ್ಬೇಕು ಕಣ್ರೀ, ಬನ್ನಿ,” ಎಂದು ಪಕ್ಕದ ಮನೆಯ ಹಿರಿಯ ಹೆಂಗಸು ಕರೆದರು. ತುಳಸಿ ನೀರಿನ ಲೋಟ ಹಿಡಿದು ನಾನು ತಲೆಯ ಹತ್ತಿರ ನಿಂತಿದ್ದೆ.

ಕಮಲಮ್ಮ ಬಂದರು. ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತರು. ಆಕೆ ತನ್ನ ಕಡೆ ಬಗ್ಗಿದ್ದು ಕಂಡು ಆತನ ಕಣ್ಣು ತೆರೆಯಿತು. ಕಾದು ಕಾದು ಸೋತಿದ್ದ ಕಣ್ಣು. ಆಕೆ ಕಿವಿಗೆ ಬಾಯಿಟ್ಟರು. ಸುತ್ತ ನಿಂತವರು ನಾರಾಯಣ, ನಾರಾಯಣ ಎಂದರು. ಅಷ್ಟು ಹತ್ತಿರವಿದ್ದದ್ದರಿಂದ ನನಗೆ ಮಾತ್ರ ಸರಿಯಾಗಿ ಕೇಳಿಸಿತು. ಸಿಟ್ಟಿರಲಿಲ್ಲ, ಬಹುವಚನವನ್ನೂ ಬಿಟ್ಟಿರಲಿಲ್ಲ.

“ಇನ್ನು ತೆಪ್ಪಗಿರಿ,” ಎಂದರು.

ಆತನ ಭುಜ ಎರಡು ಸಲ ಕುಲುಕಿ ನಿಂತಿತು. ಪ್ರಾಣ ಹೋಯಿತು ಎಂದರು ಎಲ್ಲರೂ. ಹೋಗಿತ್ತು, ನಿಜ. ಆದರೆ ಆತ ನಗುತ್ತಿದ್ದದ್ದೂ ಹಾಗೆಯೇ.